ಹಿಮಗಾಲದ ರ‍್ಯಾಂಚಿನಲ್ಲಿ ಗಂಡ-ಹೆಂಡಿರ ಕೆಲಸದ ಪಾಲು

ಪ್ರಶ್ನೆ: ಓದಲೆಂದು ಅಮೆರಿಕದ ನೆಬ್ರಾಸ್ಕಾಕ್ಕೆ ಹೋದ ನಮ್ಮ ಮಗಳು ಅಲ್ಲಿಯ ದನಗಾರರ ಮನೆತನದ ಹುಡುಗನನ್ನು ಮದುವೆಯಾಗಿ ಸ್ಯಾಂಡ್‌ಹಿಲ್ಸ್ ಎಂಬ ಸೀಮೆಯಲ್ಲಿ ನೆಲೆಸಿದ್ದಾಳೆ. ಅವರ ರ‍್ಯಾಂಚಿನಲ್ಲಿ, ಅಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲಿನ ಜಮೀನಿನಲ್ಲಿ, ಮಾಂಸದ ತಳಿಯ ಮುನ್ನೂರು ಹಸುಗಳನ್ನು ಇಬ್ಬರೇ ನೋಡಿಕೊಳ್ಳುತ್ತಾರೆ. ನಾವು ಹಾಸನದ ಕಡೆಯವರು, ನಾಲ್ಕು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತೇವೆ. ಚಳಿಗಾಲ ಬಂತೆಂದರೆ ಮಗಳ ದನಿಯೇ ಬದಲಾಗುತ್ತದೆ. ನಿದ್ದೆಯಿಲ್ಲ ಎನ್ನುತ್ತಾಳೆ, ಗಂಡನೊಡನೆ ಮಾತಿಗೆ ಮಾತು ಬೆಳೆಯುತ್ತದೆ ಎನ್ನುತ್ತಾಳೆ. ‘ನೀನು ಸಹಾಯಕ್ಕಿದ್ದರೆ ಸಾಕು’ ಎಂದು ಅಳಿಯಂದಿರು ಹೇಳುತ್ತಾರಂತೆ. ಅರ್ಧ ಕೆಲಸ ತನ್ನದೇ ಎಂದು ಇವಳ ವಾದ. ಅಷ್ಟು ದನಗಳನ್ನು ಹಿಮದಲ್ಲಿ ಹೊರಗೆ ಬಿಡುವುದಾದರೂ ಏಕೆ? ಇಬ್ಬರು ಈ ಕೆಲಸವನ್ನು ಹೇಗೆ ಹಂಚಿಕೊಂಡರೆ ಒಳ್ಳೆಯದು?

ಉತ್ತರ: ನಿಮ್ಮ ಎರಡು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ದನಗಳು ಹಿಮದಲ್ಲಿ ಹೊರಗೇ ಇರುವುದು ಏಕೆಂದು ತಿಳಿದರೆ, ಅಲ್ಲಿಯ ಕೆಲಸ ಏಕೆ ಒಂದು ದಿನವೂ ನಿಲ್ಲುವುದಿಲ್ಲ, ಫೆಬ್ರವರಿ ಮುಗಿಯುವ ಹೊತ್ತಿಗೆ ಗಂಡ-ಹೆಂಡಿರಿಬ್ಬರ ತಾಳ್ಮೆಯೂ ಏಕೆ ಸವೆದಿರುತ್ತದೆ ಎಂಬುದೂ ತಿಳಿಯುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಅಂಥ ಮನೆಯಲ್ಲಿ ಮೇವು ನಿನ್ನದು, ನೀರು ನನ್ನದು ಎಂದು ಕೆಲಸಗಳನ್ನು ಸಮಪಾಲು ಮಾಡಲು ಹೊರಟರೆ ಲೆಕ್ಕ ಎಂದಿಗೂ ಕೂಡುವುದಿಲ್ಲ. ಅಲ್ಲಿ ಮೊದಲು ಹಂಚಿಕೊಳ್ಳಬೇಕಾದದ್ದು ನಿದ್ದೆಯನ್ನು, ಆಮೇಲೆ ನಿರ್ಧಾರವನ್ನು. ಈ ಎರಡು ಸರಿಯಾಗಿ ಹಂಚಿಕೆಯಾದರೆ ಸನಿಕೆ ಯಾರ ಕೈಯಲ್ಲಿದೆ, ಟ್ರ್ಯಾಕ್ಟರ್ ಯಾರು ಓಡಿಸುತ್ತಾರೆ ಎಂಬುದು ಅಷ್ಟು ದೊಡ್ಡ ಜಗಳವಾಗಿ ಉಳಿಯುವುದಿಲ್ಲ.

ಆ ಸೀಮೆ ಎಂಥದು ಎಂಬುದನ್ನು ಸ್ವಲ್ಪ ಹೇಳಬೇಕು. ಸ್ಯಾಂಡ್‌ಹಿಲ್ಸ್ ಎಂದರೆ ಹುಲ್ಲಿನ ಬೇರು ಹಿಡಿದು ನಿಲ್ಲಿಸಿರುವ ಮರಳು ದಿಬ್ಬಗಳ ನಾಡು; ವಿಸ್ತಾರ ಸುಮಾರು 50,000 ಚದರ ಕಿಲೋಮೀಟರ್. ಅಲ್ಲಿಯ ಚೆರ್ರಿ ಕೌಂಟಿ ಒಂದೇ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, ಆದರೆ ಅಲ್ಲಿರುವ ಜನ 5,500ರ ಆಸುಪಾಸು. ಇಡೀ ಅಮೆರಿಕದಲ್ಲಿ ಮಾಂಸದ ತಳಿಯ ಹಸುಗಳು ಅತಿ ಹೆಚ್ಚಾಗಿರುವ ಕೌಂಟಿಯೂ ಅದೇ. ಪಕ್ಕದ ಮನೆ ಎಂದರೆ ಕೆಲವು ಕಡೆ ಹತ್ತಾರು ಕಿಲೋಮೀಟರ್ ದೂರ. ನಿಮ್ಮ ಊರಿನಲ್ಲಿ ಹಸು ಕರು ಹಾಕಲು ಒದ್ದಾಡಿದರೆ ಕೂಗಿದ ಕೂಡಲೇ ನಾಲ್ಕು ಜನ ಸೇರುತ್ತಾರೆ, ಪಶುವೈದ್ಯರು ಬೈಕಿನಲ್ಲಿ ಬರುತ್ತಾರೆ. ಅಲ್ಲಿ ಹಿಮಗಾಳಿ ಎದ್ದ ರಾತ್ರಿ ಗಂಡನಿಗೆ ಹೆಂಡತಿಯನ್ನು, ಹೆಂಡತಿಗೆ ಗಂಡನನ್ನು ಬಿಟ್ಟರೆ ಬೇರೆ ಮನುಷ್ಯರಿಲ್ಲ. ಮುನ್ನೂರು ಹಸುವಿಗೆ ಇಬ್ಬರು ಎಂಬುದು ಅಲ್ಲಿ ಅಸಹಜ ಸಂಖ್ಯೆಯೇನೂ ಅಲ್ಲ. ಆದರೆ ಇಬ್ಬರಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರೇ ಎಲ್ಲವನ್ನೂ ಮಾಡಬೇಕು ಎಂಬುದೂ ಅದೇ ಸಂಖ್ಯೆಯೊಳಗೆ ಅಡಗಿದೆ.

ದನಗಳನ್ನು ಕೊಟ್ಟಿಗೆಗೆ ಏಕೆ ಕಟ್ಟುವುದಿಲ್ಲ? ಮುನ್ನೂರು ದನಕ್ಕೆ ಕೊಟ್ಟಿಗೆ ಕಟ್ಟುವ ಖರ್ಚು ಒಂದು ಕಾರಣ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಒಣಗಿದ ಮೈಯ, ದಪ್ಪ ಚಳಿಗೂದಲು ಬೆಳೆದ, ಹೊಟ್ಟೆ ತುಂಬ ಮೇವು ತಿಂದ ಹಸುವಿಗೆ ಹೊರಗಿನ ಚಳಿ ನಾವು ಎಣಿಸುವಷ್ಟು ಕಷ್ಟ ಕೊಡುವುದಿಲ್ಲ. ಅಂಥ ಹಸು ಸೊನ್ನೆಗಿಂತ ಸುಮಾರು 8 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಹೆಚ್ಚುವರಿ ಶಕ್ತಿ ಸುಡದೆ ಮೈಬಿಸಿಯನ್ನು ಕಾಪಾಡಿಕೊಳ್ಳುತ್ತದೆ. ಅದೇ ಹಸುವಿನ ಕೂದಲು ನೆನೆದು ಚರ್ಮಕ್ಕೆ ಅಂಟಿಕೊಂಡರೆ ಈ ಗಡಿ ಒಮ್ಮೆಲೇ ಸೊನ್ನೆಗಿಂತ ಮೇಲೆ, 15 ಡಿಗ್ರಿಯ ಹತ್ತಿರಕ್ಕೆ ಏರಿಬಿಡುತ್ತದೆ. ಗಾಳಿ ಹೊಗದ, ಉಸಿರಿನ ತೇವ ತುಂಬಿದ ಕೊಟ್ಟಿಗೆಯಲ್ಲಿ ಮೈ ಒದ್ದೆಯಾಗಿ, ಎದೆ ಕಟ್ಟಿ ದನ ಸಾಯುವುದಕ್ಕಿಂತ, ಮರಗಳ ಸಾಲು ಅಥವಾ ಹಲಗೆಯ ಗೋಡೆ ಗಾಳಿಯನ್ನು ತಡೆಯುವ ಬಯಲು ಎಷ್ಟೋ ಮೇಲು. 2013ರ ಅಕ್ಟೋಬರ್ ಮೊದಲ ವಾರ ನೆಬ್ರಾಸ್ಕಾದ ಉತ್ತರಕ್ಕಿರುವ ದಕ್ಷಿಣ ಡಕೋಟಾ ರಾಜ್ಯದ ಪಶ್ಚಿಮ ಭಾಗದಲ್ಲಿ ಅಟ್ಲಾಸ್ ಎಂದು ಹೆಸರಾದ ಹಿಮಬಿರುಗಾಳಿ ಬೀಸಿದಾಗ ಹತ್ತಾರು ಸಾವಿರ ದನಗಳು ಸತ್ತವು. ಜನವರಿಯ ಚಳಿಗೆ ಹೋಲಿಸಿದರೆ ಆ ದಿನಗಳ ಚಳಿ ದೊಡ್ಡದೇನೂ ಅಲ್ಲ. ಆದರೆ ಚಳಿಗೂದಲು ಇನ್ನೂ ಬೆಳೆದಿರಲಿಲ್ಲ, ದನಗಳು ಬೇಸಿಗೆಯ ಹುಲ್ಲುಗಾವಲಿನಲ್ಲೇ ಇದ್ದವು, ಮೊದಲು ಮಳೆ ಸುರಿದು ಮೈ ತೊಯ್ದ ಮೇಲೆ ಹಿಮ ಬಿತ್ತು.

ಚಳಿ ಆ ಗಡಿಗಿಂತ ಕೆಳಗಿಳಿದ ಒಂದೊಂದು ಫ್ಯಾರನ್‌ಹೀಟ್ ಡಿಗ್ರಿಗೆ (ಅಂದರೆ ಅರ್ಧ ಸೆಲ್ಸಿಯಸ್ ಡಿಗ್ರಿಗಿಂತ ತುಸು ಹೆಚ್ಚು) ಹಸುವಿಗೆ ಬೇಕಾಗುವ ಶಕ್ತಿ ಸುಮಾರು ಶೇ 1ರಷ್ಟು ಏರುತ್ತದೆ, ಮೈ ಒದ್ದೆಯಾಗಿದ್ದರೆ ಅದರ ಇಮ್ಮಡಿ. ಆದ್ದರಿಂದ ಚಳಿ ಹೆಚ್ಚಿದ ದಿನವೇ ಮೇವು ಹೆಚ್ಚು ಹಾಕಬೇಕು. ನಮಗೆ ಮನೆ ಬಿಟ್ಟು ಹೊರಡಲು ಮನಸ್ಸಾಗದ ದಿನವೇ ದನಕ್ಕೆ ನಾವು ಹೆಚ್ಚು ಬೇಕು. ಆ ನಾಡು ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 1886-87ರ ಚಳಿಗಾಲದವರೆಗೆ ಉತ್ತರದ ಬಯಲುಗಳಲ್ಲಿ ದನಗಳು ವರ್ಷವಿಡೀ ತಾವೇ ಮೇಯ್ದು ಬದುಕಿಕೊಳ್ಳುತ್ತವೆ ಎಂಬ ನಂಬಿಕೆಯ ಮೇಲೆ ದೊಡ್ಡ ದೊಡ್ಡ ಹಿಂಡುಗಳನ್ನು ಬಿಟ್ಟಿದ್ದರು. ಆ ಒಂದು ಚಳಿಗಾಲಕ್ಕೆ ಹಿಂಡಿಗೆ ಹಿಂಡೇ ನೆಲ ಕಚ್ಚಿತು. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ಕೂಡಿಡುವುದು, ಚಳಿಗಾಲದಲ್ಲಿ ದಿನವೂ ಹೋಗಿ ಹಾಕುವುದು ಅಲ್ಲಿ ಬಿಡದ ಕಟ್ಟಳೆಯಾದದ್ದು ಅದರ ನಂತರ.

ಈಗ ದಿನದ ಸುತ್ತನ್ನು ನೋಡೋಣ. ಸುಮಾರು 550ರಿಂದ 600 ಕಿಲೋ ತೂಗುವ ಗಬ್ಬದ ಹಸು ದಿನಕ್ಕೆ 12ರಿಂದ 14 ಕಿಲೋ ಒಣಹುಲ್ಲು ತಿನ್ನುತ್ತದೆ. ಮುನ್ನೂರಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ನಾಲ್ಕು ಟನ್‌ನ ಹತ್ತಿರ. ಅಂದರೆ ಹುಲ್ಲನ್ನು ಒತ್ತಿ ಸುತ್ತಿದ, 600 ಕಿಲೋದ ಆರೇಳು ದೊಡ್ಡ ಉರುಟು ಬೇಲ್‌ಗಳನ್ನು ಎತ್ತಿ, ಸುತ್ತಿದ ಹುರಿಯನ್ನೋ ಪ್ಲಾಸ್ಟಿಕ್ ಬಲೆಯನ್ನೋ ಕತ್ತರಿಸಿ ತೆಗೆದು, ಬಿಡಿಸಿ ಹರಡಬೇಕು. ಆ ಬಲೆಯನ್ನು ಪೂರ್ತಿ ತೆಗೆಯದಿದ್ದರೆ ಹಸು ಹುಲ್ಲಿನೊಡನೆ ಅದನ್ನೂ ನುಂಗುತ್ತದೆ, ಅದು ಕರಗದೆ ಹೊಟ್ಟೆಯಲ್ಲೇ ಗಂಟು ಕಟ್ಟುತ್ತದೆ. ಹೆಪ್ಪುಗಟ್ಟಿದ ಹುಲ್ಲಿಗೆ ಅಂಟಿಕೊಂಡ ಬಲೆಯನ್ನು ಕೈಗವಸು ತೊಟ್ಟ ಬೆರಳುಗಳಿಂದ ಕೀಳುವುದು ನೋಡುವವರಿಗೆ ಚಿಕ್ಕ ಕೆಲಸ, ಮಾಡುವವರಿಗೆ ಅಲ್ಲ. ಇದಲ್ಲದೆ ಕೆಲವು ಹಿಂಡುಗಳು ಒಣಗಿ ನಿಂತ ಹುಲ್ಲುಗಾವಲಿನಲ್ಲೇ ಮೇಯುತ್ತಿರುತ್ತವೆ. ಅವಕ್ಕೆ ಪ್ರೋಟೀನ್ ಸಾಲದೆಂದು ಹಿಂಡಿಯ ಬಿಲ್ಲೆಗಳನ್ನು ಪಿಕಪ್ ಗಾಡಿಯಲ್ಲಿ ಒಯ್ದು ಸುರಿಯಬೇಕು.

ನೀರಿನದು ಇನ್ನೊಂದು ಕತೆ. ಚಳಿಯಲ್ಲೂ ಹಸುವಿಗೆ ದಿನಕ್ಕೆ ಮೂವತ್ತು ಲೀಟರಿನಷ್ಟು ನೀರು ಬೇಕು. ನೀರು ಸಾಲದಿದ್ದರೆ ಮೇವನ್ನೂ ಕಡಿಮೆ ತಿನ್ನುತ್ತದೆ. ಸ್ಯಾಂಡ್‌ಹಿಲ್ಸ್‌ನ ಅದೃಷ್ಟವೆಂದರೆ ಮರಳಿನ ಕೆಳಗೇ ಓಗಲಾಲಾ ಎಂಬ ದೊಡ್ಡ ಅಂತರ್ಜಲವಿದೆ. ಗಾಳಿಯಂತ್ರದಿಂದಲೋ ಸೌರ ಪಂಪಿನಿಂದಲೋ ಮೇಲೆ ಬರುವ ಆ ನೀರು ಹೊರಗಿನ ಗಾಳಿಗಿಂತ ಬೆಚ್ಚಗಿರುವುದರಿಂದ, ತೊಟ್ಟಿಗೆ ಬಿಡದೆ ಹರಿಯುತ್ತಿದ್ದರೆ ಬೇಗ ಹೆಪ್ಪುಗಟ್ಟುವುದಿಲ್ಲ. ಗಾಳಿ ನಿಂತ ದಿನ, ಪಂಪು ಕೆಟ್ಟ ದಿನ, ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ರಾತ್ರಿಯ ಮರುದಿನ, ಕೊಡಲಿ ಹಿಡಿದು ಮಂಜುಗಡ್ಡೆ ಒಡೆಯುವುದೇ ದಾರಿ.

ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ನಿಮ್ಮ ಮಗಳ ಮಾತಿನ ಹಿಂದೆ ಇರುವುದು ಬಹುಶಃ ಕಾಣದ ಕೆಲಸಗಳು, ಹಾಗೆಂದು ನನಗೆ ಬಲವಾಗಿ ಅನಿಸುತ್ತದೆ. ಮಾಮೂಲಿ ಡೀಸೆಲ್ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದ ಹಾಗೆ ಮಬ್ಬಾಗಿ, ಆಮೇಲೆ ಗಟ್ಟಿಯಾಗತೊಡಗುತ್ತದೆ. ರಾತ್ರಿ ಮಲಗುವ ಮುಂಚೆ ಟ್ರ್ಯಾಕ್ಟರಿನ ಎಂಜಿನ್ ಹೀಟರ್‌ಗೆ ವಿದ್ಯುತ್ ಕೊಟ್ಟು ಬರುವವರು ಯಾರು? ಕರುಗಳಿಗೆ ಕೊಡಬೇಕಾದ ಲಸಿಕೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು; ಅದನ್ನು ಗಾಡಿಯಲ್ಲಿ ಮರೆಯದೆ ಒಳಗೆ ತಂದಿಡುವವರು ಯಾರು? ಒದ್ದೆಯಾದ ನಾಲ್ಕು ಜೊತೆ ಕೈಗವಸು, ಬೂಟಿನ ಒಳಪದರ, ಮೇಲಂಗಿ ಇವನ್ನು ಒಲೆಯ ಬಳಿ ಒಣಗಿಸಿ ಬೆಳಗಿನ ಜಾವಕ್ಕೆ ಸಿದ್ಧವಾಗಿಡುವವರು, ಯಾವ ಹಸು ಎಂದು ಕರು ಹಾಕಿತು ಎಂದು ಪುಸ್ತಕದಲ್ಲಿ ಬರೆಯುವವರು, ಹಿಮ ಮುಚ್ಚಿದ ದಾರಿಯಲ್ಲಿ ಅಂಗಡಿಗೆ ಹೋಗಲಾಗದೆಂದು ಹದಿನೈದು ದಿನದ ದಿನಸಿಯ ಲೆಕ್ಕ ಇಡುವವರು ಯಾರು? ನಾನು ಮಾತನಾಡಿಸಿದ ಬಹುಪಾಲು ಮನೆಗಳಲ್ಲಿ ಇವುಗಳಿಗೆಲ್ಲ ಉತ್ತರ ಒಂದೇ ಆಗಿತ್ತು. ಮೇವು ಹಾಕುವುದನ್ನು ಮಾತ್ರ ಕೆಲಸವೆಂದು ಎಣಿಸಿದರೆ ಹೆಂಡತಿ ‘ಸಹಾಯಕಿ’ಯಾಗಿ ಕಾಣುತ್ತಾಳೆ. ಹೀಟರ್, ಲಸಿಕೆ, ಕೈಗವಸು, ದಾಖಲೆ ಇವನ್ನೂ ಎಣಿಸಿದರೆ ಚಿತ್ರ ಬದಲಾಗುತ್ತದೆ. ಆದ್ದರಿಂದ ಇಬ್ಬರೂ ಒಂದು ಸಂಜೆ ಕೂತು, ಬೆಳಗ್ಗೆ ಕಣ್ಣು ಬಿಟ್ಟಲ್ಲಿಂದ ರಾತ್ರಿಯವರೆಗಿನ ಎಲ್ಲ ಕೆಲಸಗಳನ್ನೂ ಒಂದೇ ಕಾಗದದ ಮೇಲೆ ಬರೆಯಲಿ. ಹಂಚುವುದು ಆಮೇಲೆ. ಬರೆಯುವಾಗಲೇ ಅರ್ಧ ವಾದ ಮುಗಿಯುವುದನ್ನು ನಾನು ಕಂಡಿದ್ದೇನೆ.

ಹಂಚುವಾಗ ಒಂದು ನಿಯಮ ಬಿಡಬಾರದು: ಪ್ರತಿ ಕೆಲಸವನ್ನೂ ಇಬ್ಬರಿಗೂ ಮಾಡಲು ಬರಬೇಕು. ಒಬ್ಬರಿಗೆ ಮಾತ್ರ ಟ್ರ್ಯಾಕ್ಟರ್, ಇನ್ನೊಬ್ಬರಿಗೆ ಮಾತ್ರ ಔಷಧದ ಲೆಕ್ಕ ಗೊತ್ತಿದ್ದರೆ, ಒಬ್ಬರಿಗೆ ಜ್ವರ ಬಂದ ದಿನ ರ‍್ಯಾಂಚ್ ನಿಂತುಹೋಗುತ್ತದೆ. ಹೆಂಗಸರಿಗೆ ದೊಡ್ಡ ಯಂತ್ರ ಕಲಿಸಲು ಗಂಡಸರು ಹಿಂದೆಗೆಯುವುದೂ, ಕಲಿಸುವಾಗ ರೇಗುವುದೂ ಅಲ್ಲಿಯೂ ಇದೆ. ಮಗಳು ಅದನ್ನು ಸೆಪ್ಟೆಂಬರಿನಲ್ಲಿ, ಹಿಮ ಬೀಳುವ ಮೊದಲು, ಒಣ ನೆಲದ ಮೇಲೆ ಕಲಿಯಲಿ. ಅಳಿಯಂದಿರು ಕರುವಿಗೆ ಟ್ಯೂಬಿನಿಂದ ಹಾಲು ಕುಡಿಸುವುದನ್ನೂ ದಾಖಲೆ ಬರೆಯುವುದನ್ನೂ ಕಲಿಯಲಿ.

ಜಗಳ ನಿಜವಾಗಿ ಹುಟ್ಟುವುದು ಕರು ಹಾಕುವ ಕಾಲದಲ್ಲಿ. ಹಸುವಿನ ಗರ್ಭಕಾಲ ಸುಮಾರು 283 ದಿನ. ಅದಕ್ಕೆ ತಕ್ಕಂತೆ ಹೋರಿ ಬಿಡುವುದರಿಂದ ಇಡೀ ಹಿಂಡು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಎರಡು-ಎರಡೂವರೆ ತಿಂಗಳಲ್ಲಿ ಕರು ಹಾಕುತ್ತದೆ. ಅನುಭವವಿರುವ ಹಸುಗಳು ತಾವೇ ಈಯುತ್ತವೆ. ಚೊಚ್ಚಲ ಕಡಸುಗಳನ್ನು ಮಾತ್ರ ರಾತ್ರಿಯಿಡೀ ಎರಡು ಮೂರು ಗಂಟೆಗೊಮ್ಮೆ ಹೋಗಿ ನೋಡಬೇಕು. ಇಲ್ಲಿ ಅನೇಕ ದಂಪತಿಗಳು ಮಾಡುವ ತಪ್ಪೆಂದರೆ ಇಬ್ಬರೂ ಪ್ರತಿ ಸಲ ಏಳುವುದು, ಅಥವಾ ಒಬ್ಬರು ಎದ್ದಾಗ ಇನ್ನೊಬ್ಬರು ಎಚ್ಚರವಾಗಿ ಮಲಗಿರುವುದು. ಅದರಿಂದ ಇಬ್ಬರಿಗೂ ನಿದ್ದೆ ಕೆಡುತ್ತದೆ, ದನಕ್ಕೆ ಏನೂ ಲಾಭವಿಲ್ಲ. ರಾತ್ರಿಯನ್ನು ಎರಡು ಸರದಿ ಮಾಡಿ, ಒಬ್ಬರು ಸಂಜೆ ಎಂಟರಿಂದ ರಾತ್ರಿ ಒಂದೂವರೆಯವರೆಗೆ, ಇನ್ನೊಬ್ಬರು ಅಲ್ಲಿಂದ ಬೆಳಗಿನವರೆಗೆ ಪೂರ್ತಿ ಹೊಣೆ ಹೊರಬೇಕು. ಸರದಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಫೋನು ಪಕ್ಕಕ್ಕಿಟ್ಟು ಮಲಗಬೇಕು. ತುಂಡಾಗದ ಐದು ಗಂಟೆಯ ನಿದ್ದೆ, ಹತ್ತು ಸಲ ಮುರಿದ ಎಂಟು ಗಂಟೆಯ ನಿದ್ದೆಗಿಂತ ಮೇಲು.

ರಾತ್ರಿ ಈಯುವ ಹಸುಗಳ ಸಂಖ್ಯೆಯನ್ನೇ ಕಡಿಮೆ ಮಾಡುವ ಒಂದು ಉಪಾಯವೂ ಇದೆ. ಅದು ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ, ಒಬ್ಬ ದನಗಾರನ ಅಂಗಳದಲ್ಲಿ ಹುಟ್ಟಿದ್ದು. ಕೆನಡಾದ ಮ್ಯಾನಿಟೋಬಾದಲ್ಲಿ ಹೆರ್‌ಫರ್ಡ್ ತಳಿ ಸಾಕುತ್ತಿದ್ದ ಗಸ್ ಕೊನೆಫಾಲ್ 1970ರ ದಶಕದಲ್ಲಿ ತಮ್ಮ ಹಸುಗಳಿಗೆ ಮಧ್ಯಾಹ್ನದ ಮುಂಚೆ ಒಮ್ಮೆ, ರಾತ್ರಿ ಹತ್ತರ ಸುಮಾರಿಗೆ ಒಮ್ಮೆ ಮೇವು ಹಾಕಲು ತೊಡಗಿ, ನೂರಕ್ಕೆ ಎಂಬತ್ತು ಕರುಗಳು ಬೆಳಿಗ್ಗೆ ಏಳರಿಂದ ಸಂಜೆ ಏಳರೊಳಗೆ ಹುಟ್ಟುತ್ತಿರುವುದನ್ನು ಗುರುತಿಸಿದರು. ಆಮೇಲೆ ಅಯೋವಾದ 15 ಫಾರ್ಮುಗಳ 1,331 ಹಸುಗಳಿಗೆ ದಿನಕ್ಕೊಮ್ಮೆ, ಮುಸ್ಸಂಜೆಯಲ್ಲಿ ಮಾತ್ರ ಮೇವು ಹಾಕಿ ನೋಡಿದಾಗ ಶೇ 85ರಷ್ಟು ಕರುಗಳು ಹಗಲು ಆರರಿಂದ ಆರರೊಳಗೆ ಹುಟ್ಟಿದವು. ಈಯುವ ಹೊತ್ತು ಹತ್ತಿರವಾದಂತೆ ಹೊಟ್ಟೆಯ ಒಳಗಿನ ಒತ್ತಡ ಇಳಿಯುತ್ತದೆ. ರಾತ್ರಿ ಮೇವು ತುಂಬಿದ ಹೊಟ್ಟೆಯಲ್ಲಿ ಆ ಒತ್ತಡ ರಾತ್ರಿಯಿಡೀ ಏರಿಯೇ ಇದ್ದು ಹಗಲಿಗೆ ಇಳಿಯುತ್ತದೆ ಎಂಬುದು ಸಂಶೋಧಕರು ಕೊಡುವ ವಿವರಣೆ. ಮೊದಲ ಕರುವಿನ ದಿನಕ್ಕೆ ಒಂದು ತಿಂಗಳ ಮುಂಚೆಯೇ ಮೇವಿನ ಹೊತ್ತನ್ನು ಸಂಜೆಗೆ ಬದಲಾಯಿಸಿದರೆ ಒಳ್ಳೆಯದು. ಇದು ದನದ ವಿಷಯವೆಂದು ಕಂಡರೂ ನಿಜದಲ್ಲಿ ಸಂಸಾರದ ವಿಷಯ. ಬೆಳಗಿನ ಹೊತ್ತು ಬಿಡುವಾಗುವುದರಿಂದ ರಾತ್ರಿ ಎದ್ದವರು ಆಗ ಮಲಗಬಹುದು, ಕಷ್ಟದ ಹೆರಿಗೆಗಳು ಬೆಳಕಿನಲ್ಲಿ, ಇಬ್ಬರೂ ಎಚ್ಚರವಾಗಿರುವಾಗ ಬರುತ್ತವೆ. ಅಳಿಯಂದಿರ ಮನೆಯಲ್ಲಿ ತಲೆಮಾರುಗಳಿಂದ ಬೆಳಿಗ್ಗೆಯೇ ಮೇವು ಹಾಕುವ ರೂಢಿಯಿದ್ದರೆ ಅದನ್ನು ಬದಲಿಸಲು ಮನಸ್ಸು ಒಪ್ಪಲಿಕ್ಕಿಲ್ಲ; ಒಂದು ಋತು ಮಾಡಿ ನೋಡಿ, ಪುಸ್ತಕದಲ್ಲಿ ಹೊತ್ತು ಬರೆದಿಟ್ಟು, ಆಮೇಲೆ ತೀರ್ಮಾನಿಸಲಿ.

ಸರದಿಯಲ್ಲಿರುವವರು ಇನ್ನೊಬ್ಬರನ್ನು ಎಬ್ಬಿಸಬೇಕಾದದ್ದು ಯಾವಾಗ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಬರೆದು ಮನೆಯ ಬಾಗಿಲಿಗೆ ಅಂಟಿಸಬೇಕು. ನೀರು ಒಡೆದು ಹಸು ತಿಣುಕುವುದಕ್ಕೆ ತೊಡಗಿದ ಮೇಲೆ ಕಡಸಾದರೆ ಒಂದು ಗಂಟೆ, ಈದ ಅನುಭವವಿರುವ ಹಸುವಾದರೆ ಅರ್ಧ ಗಂಟೆ ಕಳೆದರೂ ಮುಂದುವರಿಯದಿದ್ದರೆ. ಎರಡು ಮುಂಗಾಲು ಮತ್ತು ಮೂತಿ ಕಾಣಬೇಕಾದಲ್ಲಿ ಒಂದೇ ಕಾಲು, ಅಥವಾ ಕಾಲಿಲ್ಲದೆ ತಲೆ, ಅಥವಾ ಬಾಲ ಮಾತ್ರ ಕಂಡರೆ. ಗೊರಸಿನ ಅಡಿಭಾಗ ಮೇಲ್ಮುಖವಾಗಿದ್ದರೆ. ಇಂಥ ಸಂದರ್ಭಗಳಲ್ಲಿ ಎಬ್ಬಿಸಲೇಬೇಕು. ಉಳಿದ ಸಂದರ್ಭಗಳಲ್ಲಿ ಎಬ್ಬಿಸದೆ ತಾನೇ ನಿರ್ಧರಿಸಬೇಕು, ಮತ್ತು, ಇದು ಬಹಳ ಮುಖ್ಯ, ಬೆಳಿಗ್ಗೆ ಎದ್ದವರು ಆ ನಿರ್ಧಾರವನ್ನು ಟೀಕಿಸಬಾರದು. ರಾತ್ರಿ ಎರಡಕ್ಕೆ ಲಾಟೀನು ಹಿಡಿದು ನಿಂತವಳಿಗೆ ನಿರ್ಧರಿಸುವ ಹಕ್ಕಿಲ್ಲದಿದ್ದರೆ ಅವಳು ಕಾವಲುಗಾರಳು ಮಾತ್ರ ಆಗುತ್ತಾಳೆ. ಹೊಣೆ ಅವಳದು, ಯಜಮಾನಿಕೆ ಇನ್ನೊಬ್ಬರದು ಎಂದಾಗುತ್ತದೆ. ‘ಸಹಾಯ ಮಾಡಿದರೆ ಸಾಕು’ ಎಂಬ ಮಾತು ನೋಯಿಸುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಹುಟ್ಟಿದ ಕರುವಿನ ವಿಷಯದಲ್ಲಿ ತಡಮಾಡುವಂತಿಲ್ಲ. ಗಿಣ್ಣುಹಾಲಿನಲ್ಲಿರುವ ರೋಗನಿರೋಧಕಗಳನ್ನು ಕರುವಿನ ಕರುಳು ಮೊದಲ ಕೆಲವು ಗಂಟೆ ಚೆನ್ನಾಗಿ ಹೀರಿಕೊಳ್ಳುತ್ತದೆ, ಒಂದು ದಿನ ಕಳೆದರೆ ಆ ದಾರಿ ಮುಚ್ಚಿಹೋಗುತ್ತದೆ. ಇದು ನಿಮಗೆ ಗೊತ್ತಿರುವ ಸಂಗತಿ. ಅಲ್ಲಿ ಅದಕ್ಕೆ ಚಳಿಯೂ ಸೇರುತ್ತದೆ. ಕರುವಿನ ಸಹಜ ಮೈಬಿಸಿ 38.6 ಡಿಗ್ರಿಯ ಆಸುಪಾಸು. ಒದ್ದೆ ಮೈಯ ಕರು ಹಿಮದ ಮೇಲೆ ಬಿದ್ದಿದ್ದು ಅದು 34ಕ್ಕಿಂತ ಕೆಳಗಿಳಿದರೆ ತಾನಾಗಿ ಎದ್ದು ಹಾಲು ಕುಡಿಯುವ ಶಕ್ತಿ ಅದಕ್ಕಿರುವುದಿಲ್ಲ. ಆಗ ಅದನ್ನು ಎತ್ತಿ ತಂದು, ಮೈ ಸಹಿಸುವಷ್ಟು, ಅಂದರೆ 38ರಿಂದ 40 ಡಿಗ್ರಿಯ ಬಿಸಿನೀರಿನಲ್ಲಿ ತಲೆ ಮೇಲಿರುವಂತೆ ಮುಳುಗಿಸಿ, ಪೂರ್ತಿ ಒರೆಸಿ ಒಣಗಿಸಿ, ಗಿಣ್ಣು ಕುಡಿಸಿ, ಮೈ ಬಿಸಿಯಾದ ಮೇಲೆ ತಾಯಿಯ ಬಳಿಗೆ ಬಿಡಬೇಕು. ಆ ಬಿಸಿನೀರು ಬಹಳ ಸಲ ಮನೆಯ ಬಚ್ಚಲಿನಲ್ಲೇ ಇರುತ್ತದೆ. ಕರುವನ್ನು ತರುವಾಗ ತಾಯಿಹಸು ಮೇಲೆ ಬೀಳುವುದು ಸಾಮಾನ್ಯ. ಕರು ಹಾಕಿದ ಹಸುವಿನ ಬಳಿಗೆ ರಾತ್ರಿ ಒಬ್ಬರೇ ಹೋಗುವುದಾದರೆ ಬೇಲಿಯ ಪಕ್ಕದಲ್ಲೇ, ತಪ್ಪಿಸಿಕೊಳ್ಳುವ ದಾರಿ ನೋಡಿಕೊಂಡು ಹೋಗಬೇಕು. ಹೊರಗೆ ಹೊರಟವರು ಎಲ್ಲಿಗೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬುದನ್ನು ಹೇಳದೆ ಹೊರಡಬಾರದು. ಗಾಳಿಯ ಬೀಸು ಸೇರಿ ಸೊನ್ನೆಗಿಂತ 28 ಡಿಗ್ರಿ ಕೆಳಗಿನ ಚಳಿಯಾದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ.

ಇನ್ನು ದನಗಳನ್ನು ವಿಂಗಡಿಸುವಾಗಿನ ಜಗಳ. ‘ಹಸು ವಿಂಗಡಿಸುವಾಗ ಆಡಿದ ಮಾತಿಗೆ ಕ್ಷಮೆಯಿರಲಿ’ ಎಂಬ ಅರ್ಥದ ಫಲಕವನ್ನು ಅಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಕಾಣಬಹುದು. ನಿಮ್ಮ ಮಗಳ ಮನೆಯೊಂದೇ ಹಾಗಲ್ಲ. ಒಬ್ಬರು ಹಿಂಡಿನೊಳಗೆ ಹಸುವಿನ ಕಣ್ಣು ನೋಡುತ್ತಿರುತ್ತಾರೆ, ಇನ್ನೊಬ್ಬರು ಗೇಟಿನ ಬಳಿ ಅದರ ಕಾಲು ನೋಡುತ್ತಿರುತ್ತಾರೆ; ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲ, ಕೂಗಿದ್ದು ಬೈದಂತೆ ಕೇಳುತ್ತದೆ. ನಾವು ಎಷ್ಟು ಹತ್ತಿರ ಹೋದರೆ ದನ ಸರಿಯುತ್ತದೆ, ಅದರ ಭುಜದ ಯಾವ ಪಕ್ಕಕ್ಕೆ ನಿಂತರೆ ಮುಂದೆ ಹೋಗುತ್ತದೆ, ಯಾವ ಪಕ್ಕಕ್ಕೆ ನಿಂತರೆ ಹಿಂದೆ ಸರಿಯುತ್ತದೆ ಎಂಬುದರ ಬಗ್ಗೆ ಪ್ರಾಣಿಗಳ ನಡವಳಿಕೆಯ ಅಮೆರಿಕನ್ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು ಮಾಡಿರುವ ಕೆಲಸವನ್ನು ಇಬ್ಬರೂ ಒಟ್ಟಿಗೆ ಓದಲಿ. ಕೂಗದೆ ಕೈಸನ್ನೆ ಮಾಡಲಿ. ಆ ದಿನ ಯಾವ ಹಸು ಹೊರಗೆ, ಯಾವುದು ಒಳಗೆ ಎಂದು ಹೇಳುವವರು ಒಬ್ಬರೇ ಇರಲಿ, ಆ ಒಬ್ಬರು ಸರದಿಯ ಮೇಲೆ ಬದಲಾಗಲಿ.

ಅಲ್ಲಿಯ ಅನೇಕ ಮನೆಗಳಲ್ಲಿ ಇಬ್ಬರಲ್ಲಿ ಒಬ್ಬರು, ಹೆಚ್ಚಾಗಿ ಹೆಂಡತಿ, ಪಟ್ಟಣದ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸಕ್ಕೂ ಹೋಗುತ್ತಾರೆ, ಏಕೆಂದರೆ ಅಮೆರಿಕದಲ್ಲಿ ಆರೋಗ್ಯ ವಿಮೆ ಬಹುಮಟ್ಟಿಗೆ ನೌಕರಿಯೊಡನೆ ಬರುತ್ತದೆ. ನಿಮ್ಮ ಮಗಳು ಹಾಗೆ ಹೋಗುತ್ತಿದ್ದರೆ ಆ ಗಂಟೆಗಳೂ ರ‍್ಯಾಂಚಿನ ಕೆಲಸವೇ ಎಂದು ಆ ಕಾಗದದಲ್ಲಿ ಬರೆಯಬೇಕು.

‘ಸಹಾಯ’ ಎಂಬ ಎಣಿಕೆ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕೆನಡಾದ ಆಲ್ಬರ್ಟಾದ ಐರೀನ್ ಮರ್ಡಾಕ್ ಅವರ ಮೊಕದ್ದಮೆಯನ್ನು ನಾನು ಯುವ ದಂಪತಿಗಳಿಗೆ ತಪ್ಪದೆ ಹೇಳುತ್ತೇನೆ. 1943ರಲ್ಲಿ ಮದುವೆಯಾದ ಅವರು ಗಂಡನೊಡನೆ ದನದ ರ‍್ಯಾಂಚಿನಲ್ಲಿ ಹುಲ್ಲು ಕೊಯ್ದರು, ಟ್ರಕ್ಕು-ಟ್ರ್ಯಾಕ್ಟರ್ ಓಡಿಸಿದರು, ಕುದುರೆ ಪಳಗಿಸಿದರು, ದನಗಳಿಗೆ ಲಸಿಕೆ ಹಾಕಿದರು, ಬರೆ ಹಾಕಿ ಗುರುತು ಮಾಡಿದರು. ಗಂಡ ವರ್ಷದಲ್ಲಿ ಐದು ತಿಂಗಳು ಬೇರೆ ಕೆಲಸಕ್ಕೆ ಹೋದಾಗ ಎಲ್ಲವನ್ನೂ ಅವರೇ ನಡೆಸಿದರು. 1968ರಲ್ಲಿ ಇಬ್ಬರೂ ಬೇರೆಯಾದಾಗ ರ‍್ಯಾಂಚಿನಲ್ಲಿ ತನಗೆ ಪಾಲು ಬೇಕೆಂದು ಕೇಳಿದರು. ಅವರು ಮಾಡಿದ್ದು ಯಾವುದೇ ರ‍್ಯಾಂಚಿನ ಹೆಂಡತಿ ಮಾಡುವ ಕೆಲಸ ಎಂದು ಕೆಳನ್ಯಾಯಾಲಯ ಹೇಳಿತು. 1973ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಬಹುಮತದಿಂದ ಅದನ್ನೇ ಎತ್ತಿಹಿಡಿದು ಪಾಲು ನಿರಾಕರಿಸಿತು. ನ್ಯಾಯಮೂರ್ತಿ ಬೋರಾ ಲಾಸ್ಕಿನ್ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪಿನ ವಿರುದ್ಧ ಎದ್ದ ಆಕ್ರೋಶದಿಂದಲೇ 1970ರ ದಶಕದ ಕೊನೆಗೆ ಕೆನಡಾದ ಪ್ರಾಂತ್ಯಗಳು ದಂಪತಿಗಳ ಆಸ್ತಿಯ ಕಾನೂನನ್ನು ಬದಲಿಸಿದವು.

ಅಮೆರಿಕದಲ್ಲೂ ಬಹುಕಾಲ ಇದೇ ಧೋರಣೆಯಿತ್ತು. ಜಂಟಿ ಹೆಸರಿನ ಜಮೀನಾದರೂ ಅದಕ್ಕೆ ತಾನೂ ಹಣ ಹಾಕಿದ್ದೆನೆಂದು ವಿಧವೆ ರುಜುವಾತು ಮಾಡದಿದ್ದರೆ ಪೂರ್ತಿ ಗಂಡನದೆಂದೇ ಎಣಿಸಿ ಮರಣಾನಂತರದ ತೆರಿಗೆ ಹಾಕುತ್ತಿದ್ದರು. ಹಿಮದಲ್ಲಿ ಸವೆಸಿದ ದೇಹಶ್ರಮ ರುಜುವಾತಾಗುತ್ತಿರಲಿಲ್ಲ. 1981ರ ಕಾಯ್ದೆ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹೋಗುವ ಆಸ್ತಿಯ ಮೇಲಿನ ಆ ತೆರಿಗೆಯನ್ನು ತೆಗೆಯಿತು. ಕೃಷಿ ಗಣತಿಯಲ್ಲಿ ಫಾರ್ಮು ನಡೆಸುವವರು ಗಂಡೋ ಹೆಣ್ಣೋ ಎಂದು ಕೇಳಲು ತೊಡಗಿದ್ದು 1978ರಲ್ಲಿ. ಒಂದು ಫಾರ್ಮಿಗೆ ಒಬ್ಬರಿಗಿಂತ ಹೆಚ್ಚು ನಿರ್ವಾಹಕರ ವಿವರ ಬರೆಯಲು ಜಾಗ ಕೊಟ್ಟದ್ದು 2002ರಲ್ಲಿ. 2017ರಲ್ಲಿ ನಾಲ್ವರವರೆಗೆ ಬರೆಯಲು ಬಿಟ್ಟು, ನಿರ್ಧಾರಗಳಲ್ಲಿ ಯಾರು ಯಾರು ಪಾಲ್ಗೊಳ್ಳುತ್ತಾರೆ ಎಂದು ಬಿಡಿಬಿಡಿಯಾಗಿ ಕೇಳಿದಾಗ, ದೇಶದ ಕೃಷಿಕರಲ್ಲಿ ಶೇ 36ರಷ್ಟು ಹೆಂಗಸರು ಎಂದು ಗೊತ್ತಾಯಿತು. ಅವರಲ್ಲಿ ಅನೇಕರು ಹಿಂದೆಯೂ ಅದೇ ಅಂಗಳದಲ್ಲಿ ಅದೇ ಕೆಲಸ ಮಾಡುತ್ತಿದ್ದರು; ಕೇಳಿದವರಿರಲಿಲ್ಲ.

ಅಳಿಯಂದಿರನ್ನು ದೂರುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ನೆಲ ಇನ್ನೂ ಅವರ ತಂದೆ-ತಾಯಿಯ ಹೆಸರಿನಲ್ಲೇ ಇರುವುದು ಸಾಧ್ಯ. ಹಾಗಿದ್ದರೆ ಅವರೂ ತಮ್ಮ ಮನೆಯಲ್ಲೇ ‘ಸಹಾಯ’ ಮಾಡುತ್ತಿರುವವರೇ. ಅಂಥ ಮನೆಯಲ್ಲಿ ಕರು ಹಾಕುವ ಕಾಲದಲ್ಲಿ ಈ ಮಾತು ತೆಗೆಯುವುದು ಬೇಡ. ಜೂನ್ ತಿಂಗಳಲ್ಲಿ, ಕರುಗಳಿಗೆ ಗುರುತು ಹಾಕಿ ಹುಲ್ಲುಗಾವಲಿಗೆ ಬಿಟ್ಟ ಮೇಲೆ, ಹುಲ್ಲು ಕೊಯ್ಲು ಶುರುವಾಗುವ ಮೊದಲು ಬಿಡುವು ಮಾಡಿಕೊಂಡು ಅತ್ತೆ-ಮಾವನವರನ್ನೂ ಕೂರಿಸಿಕೊಂಡು, ಕೃಷಿ ಆಸ್ತಿಯ ವ್ಯವಹಾರ ಬಲ್ಲ ವಕೀಲರೊಬ್ಬರ ಮುಂದೆ ಮಾತನಾಡಲಿ. ನೆಬ್ರಾಸ್ಕಾದಲ್ಲಿ ವಿಚ್ಛೇದನವಾದರೆ ನ್ಯಾಯಾಲಯ ದಂಪತಿಗಳ ಆಸ್ತಿಯನ್ನು ನ್ಯಾಯಸಮ್ಮತವಾಗಿ ಹಂಚುತ್ತದೆ, ಆದರೆ ಅತ್ತೆ-ಮಾವನವರ ಹೆಸರಿನ ನೆಲ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸಾವು, ಅಂಗವೈಕಲ್ಯ, ಬೇರ್ಪಡೆ ಮೂರಕ್ಕೂ ಏನು ಮಾಡುವುದೆಂದು ಮೊದಲೇ ಬರೆದಿರಬೇಕು. ಬ್ಯಾಂಕಿನ ಸಾಲಕ್ಕೆ ಮಗಳು ಸಹಿ ಹಾಕಿದ್ದರೆ ಗುತ್ತಿಗೆಯ ಕಾಗದದಲ್ಲೂ ಅವಳ ಹೆಸರು ಇರಲಿ. ದನಗಳ ಮೈಮೇಲೆ ಹಾಕುವ ಮುದ್ರೆ ನೆಬ್ರಾಸ್ಕಾ ಬ್ರ್ಯಾಂಡ್ ಕಮಿಟಿಯಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ವಿಚಾರಿಸಿ, ಇಬ್ಬರ ಹೆಸರಿಗೂ ಮಾಡಿಸಿಕೊಳ್ಳಲಿ. ನೆಲದ ಮಾತು ತಡವಾಗುವುದಾದರೆ ಈ ವರ್ಷದ ಕಡಸುಗಳಲ್ಲಿ ಹತ್ತನ್ನಾದರೂ ಮಗಳ ಹೆಸರಿಗೆ ಬರೆಸಿ, ಅವುಗಳ ಕರುಗಳ ಹಣ ಅವಳ ಖಾತೆಗೇ ಹೋಗುವಂತೆ ಮಾಡುವುದು ಅತ್ತೆ-ಮಾವನವರೂ ಸುಲಭವಾಗಿ ಒಪ್ಪಬಹುದಾದ ಮೊದಲ ಹೆಜ್ಜೆ.